ಹಳದಿ ಹಲಗೆಯ ಐವತ್ತು ನಿಮಿಷ

ಹಲಗೆ ತಪ್ಪು ಎಂದು ಬೇನಿ ಕಾಲುದಾರಿ ಕಚೇರಿಗೆ ಮೂರನೆಯ ಸಲ ಕಾಗದ ಬರೆದಾಗಲೂ ಅಂಚೆಚೀಟಿ ಅಂಟಿಸಿದವಳು ನಾನೇ. ನನ್ನಂಥ ಹೇಡಿ ಈ ಕಣಿವೆಯಲ್ಲಿ ಇನ್ನೊಬ್ಬಳಿಲ್ಲ.

ನಮ್ಮ ಬೆಟ್ಟದ ಕಾಲುದಾರಿಗಳಲ್ಲಿ ಎಲ್ಲಿಗೆ ಎಷ್ಟು ಹೊತ್ತಿನ ನಡಿಗೆ ಎಂದು ಹಳದಿ ಹಲಗೆಗಳ ಮೇಲೆ ಬರೆದಿರುತ್ತದೆ. ಇಪ್ಪತ್ತೆರಡು ವರ್ಷ ಆ ಹೊತ್ತನ್ನು ನಡೆದು ಅಳೆದವನು ನನ್ನ ಗಂಡ ಬೇನಿ. ಮೇಲಿನ ಚೀಸ್ ಹಟ್ಟಿಗೆ ಐವತ್ತು ನಿಮಿಷ ಎಂದು ಬರೆಸಿದವನೂ ಅವನೇ. ಈಗ ನಮಗೆ ಒಂದೂವರೆ ಗಂಟೆ ಬೇಕು.

"ಕಚೇರಿ ಹುಡುಗರು ಕೂತಲ್ಲೇ ಹಲಗೆ ಬದಲಾಯಿಸಿದ್ದಾರೆ ಕಣೇ ಹೆದಿ! ಬೆಟ್ಟ ಹತ್ತಿದ ಮುಖಗಳಾ ಅವು?" ಎಂದು ರೇಗುತ್ತಿದ್ದ.

"ಹೂಂ, ಅವರಿಗೇನು ಗೊತ್ತು" ಎನ್ನುತ್ತಿದ್ದೆ. ಮಗಳು ರೆಗುಲಾ ಕೇಳಿದಾಗ, ನನಗೆ ಮಂಡಿನೋವು, ಅದಕ್ಕೇ ನಿಧಾನ ಎಂದುಬಿಟ್ಟೆ. ಮಂಡಿಗೆ ಏನೂ ಆಗಿರಲಿಲ್ಲ. ಹಿಂದೆಲ್ಲ ಅವನನ್ನು ಹಿಡಿಯಲು ಏದುಸಿರು ಬಿಡುತ್ತಿದ್ದವಳು ಎರಡು ವರ್ಷದಿಂದ ಹೆಜ್ಜೆ ತಡೆದು ತಡೆದು ಇಡುತ್ತಿದ್ದೆ.

ಕೊನೆಗೆ ಕಚೇರಿಯಿಂದ ಫೋನ್ ಬಂತು. "ಅಮ್ಮಾ, ಆ ಹಲಗೆ ಯಾರೂ ಮುಟ್ಟಿಲ್ಲ. ನಿಮ್ಮ ಯಜಮಾನ್ರು ಹಾಕ್ಸಿದ್ದೇ ಇರೋದು" ಎಂದಳು ಅಲ್ಲಿನ ಹುಡುಗಿ, ಮೆತ್ತಗೆ. ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ ಡಾಕ್ಟರನ್ನು ಕಾಣಲು ಸಮಯ ಕೇಳಿದೆ.

ಡಾಕ್ಟರಮ್ಮ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಬೇನಿಯನ್ನು ನಡೆಸಿದಳು. "ನಡೀತಾ ನಡೀತಾ ಪ್ರಾಣಿಗಳ ಹೆಸರು ಹೇಳಿ."

"ಹಸು... ಆಡು..." ಎಂದವನು ನಿಂತೇಬಿಟ್ಟ. ಮೂರನೆಯದು ಹೊಳೆಯುವವರೆಗೆ ಕಾಲು ಏಳಲಿಲ್ಲ.

"ಕಾಲಲ್ಲಿ ದೋಷ ಇಲ್ಲ. ನಡಿಗೆ ಹೀಗೆ ನಿಧಾನ ಆಗೋದು ಕೆಲವರಲ್ಲಿ ಮರೆವಿಗಿಂತ ಮೊದಲೇ ಕಾಣೋ ಸೂಚನೆ. ಇನ್ನೂ ಪರೀಕ್ಷೆ ಮಾಡ್ಬೇಕು. ಯಾವಾಗಿಂದ ಹೀಗೆ?"

"ಅಯ್ಯೋ, ಇವಳಿಗೆ ಮಂಡಿನೋವು ನೋಡಿ. ಇವಳಿಗೋಸ್ಕರ ನಾನು ನಿಧಾನ ಮಾಡಿದ್ದು" ಎಂದು ಬೇನಿ ನಕ್ಕ.

ಇನ್ನು ಸುಳ್ಳು ಹೇಳಲಾಗಲಿಲ್ಲ. "ಎರಡು ವರ್ಷ ಆಯ್ತು ಡಾಕ್ಟ್ರೇ. ನನ್ನ ಮಂಡಿ ಚೆನ್ನಾಗೇ ಇದೆ."

ಹೊರಗೆ ಬಂದ ಮೇಲೆ ಬೇನಿ ನಿಂತು ಕೇಳಿದ: "ಗೊತ್ತಿದ್ದೂ ಆ ಕಾಗದ ಹಾಕೋಕೆ ಬಿಟ್ಯಾ? ಕಚೇರೀಲಿ ಎಲ್ರೂ ನಕ್ಕಿರ್ತಾರೆ, ಹೆದಿ."

ತೋಳು ಹಿಡಿಯಹೋದೆ. ಕೊಸರಿಕೊಂಡ.

"ಮುಂದೆ ನಡಿ. ನಿನ್ನ ನಿಜವಾದ ನಡಿಗೇಲಿ ನಡಿ, ನಾನೂ ನೋಡ್ತೀನಿ. ತಿರುಗಬೇಡ."

ನಡೆದೆ. ಅವನ ಬೂಟಿನ ಸಪ್ಪಳ ಹಿಂದೆ ಬೀಳುತ್ತಾ ಬೀಳುತ್ತಾ ಕೊನೆಗೆ ಕೇಳಿಸದಾಯಿತು. ಆದರೂ ನಾನು ತಿರುಗಲಿಲ್ಲ.