ನಿಲ್ಲುವ ಹಲಗೆ

ತುಮಕೂರಿನ ಸತ್ಯಮಂಗಲದಲ್ಲಿ ನಾಗಭೂಷಣ್ ಸರ್ ನಡೆಸುವ ಶೆಡ್ಡಿನಲ್ಲಿ ನಾನು ಡಿಸೈನ್ ಮಾಡುತ್ತೇನೆ. ನಾನು ಕಂಪ್ಯೂಟರಿನಲ್ಲಿ ಬಿಡಿಸಿದ್ದನ್ನು ತ್ರೀಡಿ ಪ್ರಿಂಟರ್ ತೆಳುವಾದ ಪ್ಲಾಸ್ಟಿಕ್ ಪದರಗಳಲ್ಲಿ ಒಂದರ ಮೇಲೊಂದು ಕಟ್ಟುತ್ತಾ ಹೋಗುತ್ತದೆ. ಹಿಂದಿನ ಕಾಲದಲ್ಲಿ ಮರದ ದಿಮ್ಮಿ ಎಳೆಯಲು, ಎತ್ತಲು ಬಳಸುತ್ತಿದ್ದ ಉಗಿ ಯಂತ್ರಗಳ ಪುಟ್ಟ ಮಾದರಿಗಳು ನಮ್ಮ ವಿಶೇಷ. ಕೊಳ್ಳುವವರು ಬಹಳ ಸೂಕ್ಷ್ಮವಾಗಿ ನೋಡುವವರು. ಬಾಯ್ಲರಿನಲ್ಲಿ ಒಂದು ರಿವೆಟ್ ಕಡಿಮೆಯಿದ್ದರೂ ಫೋಟೊ ತೆಗೆದು ಕಳಿಸುತ್ತಾರೆ.

ಹೆಚ್ಚಿನವನ್ನು ಹಳೆಯ ನಕ್ಷೆ, ಫೋಟೊಗಳಿಂದಲೇ ಮಾಡುತ್ತೇವೆ. ಒಂದು ಮಾತ್ರ ನಮ್ಮ ಕಡೆಯದೇ ಸಿಕ್ಕಿತು. ಕುಣಿಗಲ್ಲಿನ ಸಂಗಮೇಶ್ ಅವರ ಅಜ್ಜನ ಕಾಲದ ಸಾಮಿಲ್ಲಿನ ಹಿತ್ತಲಲ್ಲಿ, ದಿಮ್ಮಿಗಳನ್ನು ಉಕ್ಕಿನ ಹಗ್ಗದಿಂದ ಎಳೆಯುವ ಉಗಿ ಯಂತ್ರ ಲಂಟಾನದ ನಡುವೆ ನಿಂತಿತ್ತು. ಊರಿನವರು ಅದನ್ನು ಹೊಗೆಬಸವ ಎನ್ನುತ್ತಿದ್ದರಂತೆ. ಜಾಗ ಮಾರಾಟವಾಗಿತ್ತು, ಯಂತ್ರ ಗುಜರಿಗೆ ಹೋಗುವುದಿತ್ತು. ಅದಕ್ಕೆ ಮುಂಚೆ ಹನ್ನೆರಡು ಮಾದರಿ ಮಾಡಿಸಿ, ಅದರಲ್ಲಿ ದುಡಿದವರ ಮನೆಗಳಿಗೆ ಕೊಡಬೇಕೆಂದು ಸಂಗಮೇಶ್ ಕೇಳಿದರು. ದುಡಿದವರಲ್ಲಿ ಉಳಿದಿದ್ದವರು ಒಬ್ಬರೇ, ಬಾಯ್ಲರಿಗೆ ಬೆಂಕಿ ಹಾಕುತ್ತಿದ್ದ ಪುಟ್ಟರಂಗಯ್ಯ.

ಮೊದಲ ಸಲ ಸರ್ ಜೊತೆ ಹೋಗಿ ಫೋಟೊ ತೆಗೆದುಕೊಂಡು ಬಂದೆ. ಪಕ್ಕದಲ್ಲೇ ಮನೆಯಿದ್ದ ಪುಟ್ಟರಂಗಯ್ಯನವರು ಬಂದು ಯಂತ್ರ ತೋರಿಸಿದರು. ಹಿತ್ತಲ ಮಾಡಿನ ಕೆಳಗೆ ಮೂವರು ಗಂಡಸರು ಇಸ್ಪೀಟು ಹಿಡಿದು ಕೂತಿದ್ದರು. ಬಾಯ್ಲರಿನ ಮೇಲೆ ಹಾವಿನ ಪೊರೆ ಇತ್ತು. ಎರಡನೆಯ ಸಲ ಟೇಪು ಹಿಡಿದು ಒಬ್ಬಳೇ ಹೋಗಿ ಅಳತೆ ತೆಗೆಯಬೇಕಿತ್ತು. ನಾನು ಬಸ್ಸು ಹತ್ತುವಾಗಲೇ ಇಳಿಯುವ ಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳುವವಳು. ತುಮಕೂರಿನ ನಿಲ್ದಾಣದಲ್ಲಿ ಹತ್ತಲು ಧೈರ್ಯ ಬರದೆ ಎರಡು ಕುಣಿಗಲ್ ಬಸ್ಸುಗಳನ್ನು ಬಿಟ್ಟೆ. ಮೂರನೆಯದಕ್ಕೆ ಕಾಯದೆ ಗುಬ್ಬಿ ಬಸ್ಸು ಹತ್ತಿ ಅಮ್ಮನ ಮನೆಗೆ ಹೋದೆ. ಮಹಡಿಯ ಮೇಲೆ ನಿಂತು ಪುಟ್ಟರಂಗಯ್ಯನವರಿಗೆ ಫೋನ್ ಮಾಡಿದೆ.

"ತಾತ, ನನಗೆ ಬರಕ್ಕಾಗ್ತಿಲ್ಲ. ನೀವೇ ಒಂಚೂರು ಅಳೆದು ಹೇಳ್ತೀರಾ?"

"ಟೇಪು ಎಲ್ಲೈತವ್ವಾ ನನ್ತಾವ?"

"ಹೆಂಗಾದ್ರೂ ಸರಿ ತಾತ."

"ಹಂಗಾದ್ರೆ ಬರ್ಕೊ. ಉದ್ದಕಿರೋದು ಮೊಳದಾಗೆ, ಸಣ್ಣದು ಗೇಣಾಗೆ. ಇಂಚು ಗಿಂಚು ನನ್ನ ಕೇಳ್ಬ್ಯಾಡ."

ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಒಂದು ಗಂಟೆ ಅಳೆದರು. ಏದುಸಿರು ಕೇಳಿಸುತ್ತಿತ್ತು, ಮುಳ್ಳಿಗೆ ಬೈಯುವುದೂ ಕೇಳಿಸುತ್ತಿತ್ತು. "ನಾನ್ ನಿಂತ್ಕೊಂಡು ಬೆಂಕಿ ಹಾಕ್ತಿದ್ದ ಹಲ್ಗೆ ಬರ್ಕೊಂಡ್ಯಾ?" ಎಂದು ಕೊನೆಯಲ್ಲಿ ಕೇಳಿದರು. ಬರೆದುಕೊಂಡೆ ಎಂದೆ. ಮಾರನೆಯ ದಿನ ಸರ್‌ಗೆ, ಹೋಗಿ ಬಂದೆ ಎಂದು ಹೇಳಿದೆ.

ಮೊಳಕ್ಕೆ ಹದಿನೆಂಟು ಇಂಚು, ಗೇಣಿಗೆ ಒಂಬತ್ತು ಎಂದು ಲೆಕ್ಕ ಹಾಕಿದೆ. ಗೇಣಿನಲ್ಲಿ ಅಳೆದಿದ್ದ, ಹಗ್ಗ ಸುತ್ತುವ ಡ್ರಮ್ಮು ಕಂಪ್ಯೂಟರಿನಲ್ಲಿ, ಮೊಳದಲ್ಲಿ ಅಳೆದಿದ್ದ ಚೌಕಟ್ಟಿನೊಳಗೆ ಕೂರಲೇ ಇಲ್ಲ. ಆಗ ಅವರ ಬಲಗೈ ನೆನಪಾಯಿತು. ಕಿರುಬೆರಳು ಅರ್ಧಕ್ಕೆ ಇಲ್ಲ. ಅದೇ ಯಂತ್ರದ ಹಗ್ಗ ಕಚ್ಚಿಕೊಂಡು ಹೋದದ್ದು. ಮೊದಲ ದಿನ ನೋಡಿದ್ದೆ. ನೋಡಿದ್ದು ಅವರಿಗೆ ಗೊತ್ತಾಗಬಾರದೆಂದು ಬೇರೆ ಕಡೆ ತಿರುಗಿದ್ದೆ. ಅವರ ಮೊಳ ಎಲ್ಲರ ಹಾಗೆಯೇ, ಗೇಣು ಮಾತ್ರ ಗಿಡ್ಡ. ನಿಮ್ಮ ಗೇಣು ಎಷ್ಟು ಇಂಚು ಎಂದು ಒಂದು ಮಾತು ಕೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು. ಬೆರಳಿನ ಮಾತು ಎತ್ತಲು ಬಾಯಿ ಬರಲಿಲ್ಲ. ಯಂತ್ರವನ್ನೇ ಮತ್ತೆ ಅಳೆಯೋಣವೆಂದರೆ, ಅಷ್ಟರಲ್ಲಿ ಗುಜರಿಯವರು ಗ್ಯಾಸ್ ಕಟರ್ ಹಿಡಿದು ಅದನ್ನು ತುಂಡು ಮಾಡಿಬಿಟ್ಟಿದ್ದರು. ಡ್ರಮ್ಮಿಗೆ ಜಾಗ ಬೇಕಿತ್ತು. ಪಕ್ಕದಲ್ಲಿ ಅವರು ನಿಲ್ಲುತ್ತಿದ್ದ ಹಲಗೆಯನ್ನು ಕೊರೆದು ಸಣ್ಣದು ಮಾಡಿದೆ. ನೋಡಲು ಚೆನ್ನಾಗಿಯೇ ಕಂಡಿತು.

ಮೊದಲ ಮಾದರಿ ಸಿದ್ಧವಾದಾಗ ಸರ್ ಶೆಡ್ಡಿಗೆ ಎಲ್ಲರನ್ನೂ ಕರೆದರು. ಸಂಗಮೇಶ್ ಬಂದರು. ಪುಟ್ಟರಂಗಯ್ಯ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಬಲಗೈಯನ್ನು ಟವೆಲಿನಡಿ ಇಟ್ಟುಕೊಂಡು ಬಂದರು.

"ಈ ಮೇಡಮ್ಮು ಬಿಸಿಲಲ್ಲಿ, ಮುಳ್ಳಲ್ಲಿ ನುಗ್ಗಿ, ಟೇಪು ಹಿಡಿದು ಒಂದೊಂದು ಇಂಚೂ ಅಳೆದವ್ರೆ," ಎಂದು ಸರ್ ಹೆಮ್ಮೆಯಿಂದ ಹೇಳಿದರು.

ಪುಟ್ಟರಂಗಯ್ಯ ನನ್ನ ಕಡೆ ನೋಡಿದರು. ನಾನು ಮೇಜಿನ ಅಂಚು ನೋಡಿದೆ.

ಅವರು ಮಾದರಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಸುತ್ತಲೂ ತಿರುಗಿಸಿದರು. ಬಾಯ್ಲರಿನ ಬಾಗಿಲು ಕಂಡಾಗ ನಕ್ಕರು. ಆಮೇಲೆ ನಗು ನಿಂತಿತು.

"ಅಲ್ಲ, ಇದ್ರಾಗೆ ನಾನು ಎಲ್ ನಿಂತ್ಕಳ್ಳಾದು?"

"ಅಲ್ಲೇ ಹಲಗೆ ಇದ್ಯಲ್ಲ ತಾತ," ಎಂದರು ಸರ್.

"ಇದ್ರ ಮ್ಯಾಲೆ ಕೋಳಿ ನಿಂತ್ಕಂಡಾತು. ಸೌದೆ ಹಿಡ್ಕಂಡು ತಿರುಗ್ಬೇಕಲ್ಲಪ್ಪ ಮನ್ಸ."

ಎಲ್ಲರೂ ನಕ್ಕರು. ಸರ್ ಅವರ ಹೆಗಲ ಮೇಲೆ ಕೈ ಇಟ್ಟರು. "ಆಗ ನೀವು ಸಣ್ಣಗಿದ್ರಿ ಬಿಡಿ ತಾತ. ಐವತ್ತು ವರ್ಷದ ಮಾತು, ನಿಮ್ಗೆ ಮರ್ತಿರ್ಬೇಕು. ಇವರು ಟೇಪಲ್ಲಿ ಅಳೆದಿರೋದು. ಅಲ್ವಾ ಆಶಾರಾಣಿ?"

ಪುಟ್ಟರಂಗಯ್ಯ ಮತ್ತೆ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಕೋಪವೇನೂ ಇರಲಿಲ್ಲ. ನಾನು ಏನು ಹೇಳುತ್ತೇನೋ ಅದನ್ನೇ ಒಪ್ಪಿಕೊಳ್ಳಲು ಕಾದವರ ಹಾಗಿದ್ದರು.

"ಹೌದು ಸರ್," ಎಂದೆ.

"ಇರ್ಬೋದು ಬುಡಪ್ಪ," ಎಂದು ಅವರು ಮಾದರಿಯನ್ನು ಕೆಳಗಿಟ್ಟರು. "ನಂಗೆ ಮರವು."

ಸರ್ ಸ್ವೀಟ್ ಬಾಕ್ಸ್ ತೆರೆದರು. ಪುಟ್ಟರಂಗಯ್ಯ ಒಂದು ತುಂಡು ತೆಗೆದುಕೊಂಡು, ತಿನ್ನದೆ ಟವೆಲಿನ ತುದಿಗೆ ಕಟ್ಟಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು. ಸಂಗಮೇಶ್ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಪಾಪ, ಮರೆವು ಶುರುವಾಗಿದೆ ಅನ್ಸುತ್ತೆ. ಮೊನ್ನೆ ತನಕ ಒಂದೊಂದು ನಟ್ಟೂ ಹೇಳ್ತಿದ್ರು. ಮನೆಯವ್ರಿಗೆ ಹೇಳಿ ಡಾಕ್ಟ್ರಿಗೆ ತೋರಿಸ್ಬೇಕು."

ಅಲ್ಲಿಯವರೆಗೆ ತಡೆದುಕೊಂಡಿದ್ದೆ.

"ಅವ್ರಿಗೆ ಮರೆವಿಲ್ಲ ಸರ್. ನಾನು ಹೋಗಿರಲಿಲ್ಲ."

ಹೇಳಿದೆ. ಗುಬ್ಬಿ ಬಸ್ಸು, ಫೋನು, ಗೇಣು, ಕೊರೆದ ಹಲಗೆ, ಎಲ್ಲವನ್ನೂ. ಬೆರಳಿನ ವಿಷಯ ಹೇಳುವಾಗ ಧ್ವನಿ ಇಳಿಯಿತು. ನಾಗಭೂಷಣ್ ಸರ್ ಬಾಕ್ಸನ್ನು ಹಿಡಿದುಕೊಂಡೇ ನಿಂತಿದ್ದರು. ಸಂಗಮೇಶ್ ಕೂಗಾಡಲಿಲ್ಲ. "ಅವ್ರು ಮರವು ಅಂದಾಗ ನೀವು ಪಕ್ಕದಲ್ಲೇ ನಿಂತಿದ್ರಲ್ಲ ಮೇಡಂ," ಎಂದರು, ಅಷ್ಟೇ.

"ಹೋಗಿ, ಕರ್ಕೊಂಡ್ ಬನ್ನಿ ಅವ್ರನ್ನ," ಎಂದರು ಸರ್.

ಅವರು ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು.

"ತಾತ, ಶೆಡ್ಡಿಗೆ ಬನ್ನಿ. ಹೇಳ್ಬಿಟ್ಟೆ."

ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವರ ಮುಖ ಕೆಂಪಾಯಿತು.

"ಯಾಕ್ ಹೇಳ್ದೆ? ಹೇಳಂಗಿದ್ರೆ ಅವಾಗ್ಲೇ ಹೇಳ್ಬೇಕಿತ್ತು. ಕೆಲ್ಸದ ಹುಡ್ಗಿ, ಹೆದರ್ಕೊಂಡೈತೆ, ಮಾನ ಹೋಗ್ಬಾರ್ದು ಅಂತ ಸಾವ್ಕಾರ್ರ ಮೊಮ್ಮಗನ ಮುಂದೆ ಸುಳ್ಳು ಹೇಳ್ದೆ ನಾನು. ಆ ಮನೆಯೋರಿಗೆ ಒಂದ್ ದಿನಾನೂ ಸುಳ್ಳು ಹೇಳಿದವನಲ್ಲ. ಈಗ ನಾನೂ ಸುಳ್ಳ ಆದ್ನಲ್ಲವ್ವಾ."

ಅವರ ಕಡೆಯಿಂದ ನಾನು ಯೋಚಿಸಿಯೇ ಇರಲಿಲ್ಲ. ಹೇಳದಿದ್ದಾಗ ಅವರಿಗೆ ಮರೆವಿನ ಹೆಸರು ಬಂತು, ಹೇಳಿದಾಗ ಸುಳ್ಳಿನ ಹೆಸರು.

"ತಪ್ಪಾಯ್ತು ತಾತ," ಎಂದೆ. ಅದು ಬಹಳ ಚಿಕ್ಕ ಮಾತಾಗಿತ್ತು.

ಕುಣಿಗಲ್ ಬಸ್ಸು ಬಂತು. ಅವರು ಏಳಲಿಲ್ಲ. ಬಸ್ಸು ಹೋಯಿತು. ಆಮೇಲೆ ಎದ್ದು ನನಗಿಂತ ಮುಂದೆ ನಡೆದರು. ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಸಂಗಮೇಶ್ ಎದುರು ನಿಂತರು.

"ಸಾವ್ಕಾರ್ರೇ, ನಂಗೇನೂ ಮರ್ತಿಲ್ಲ."

"ಗೊತ್ತು ತಾತ. ಕೂತ್ಕಳಿ."

ಅವರು ಕೂರಲಿಲ್ಲ. ನೆಲದ ಮೇಲೆ ಕಾಲು ಅಗಲಿಸಿ ನಿಂತು, ಬಾಯ್ಲರು ಎಡಕ್ಕೆ, ಸೌದೆ ಹಿಂದಕ್ಕೆ, ಡ್ರಮ್ಮು ಇಷ್ಟು ದೂರಕ್ಕೆ ಎಂದು ಕೈ ಚಾಚಿ ತೋರಿಸಿದರು. ಟವೆಲು ಜಾರಿ ಕೆಳಗೆ ಬಿತ್ತು. ಬಲಗೈ ಎಲ್ಲರಿಗೂ ಕಾಣುತ್ತಿತ್ತು.

"ಟೇಪು ಹಿಡ್ಕಳವ್ವಾ," ಎಂದರು. "ಮೊದ್ಲು ಈ ಗೇಣು ಬರ್ಕೊ."

ನಾನು ಅವರ ಹೆಬ್ಬೆರಳಿನ ತುದಿಯಿಂದ ಅರ್ಧ ಕಿರುಬೆರಳಿನವರೆಗೆ ಟೇಪು ಹಿಡಿದೆ. ಏಳೂವರೆ ಇಂಚು. ಬರೆದುಕೊಳ್ಳುವಾಗ ಮೊದಲು ಒಂಬತ್ತು ಎಂದು ಬರೆದು, ಹೊಡೆದುಹಾಕಿ ತಿದ್ದಿದೆ. ಅದು ಅವರಿಗೆ ಕಾಣಿಸಿತೆಂದು ತೋರುತ್ತದೆ, ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡರು.