ಇಲ್ಲದ ಗಂಟು

ಸಂಜೆ ದೇವರ ಮುಂದೆ ದೀಪ ಹಚ್ಚಿ, ಕೈ ತೊಳೆದು, ಅಂಗೈಗೆ ಅಂಗೈ ತಿಕ್ಕಿ ಬೆಚ್ಚಗೆ ಮಾಡಿಕೊಂಡ ಮೇಲೆಯೇ ಪಾರವ್ವ ಮಗಳ ಹೊಟ್ಟೆ ಮುಟ್ಟುತ್ತಿದ್ದಳು. ಶೈಲಾ ಮಂಚದ ಮೇಲೆ ಅಂಗಾತ ಮಲಗಿ ಅಂಗಿಯನ್ನು ಪಕ್ಕೆಲುಬಿನವರೆಗೆ ಎತ್ತಿಕೊಂಡು ಮುಖವನ್ನು ಗೋಡೆಯ ಕಡೆ ತಿರುಗಿಸುವಳು. ಎದೆಗೂಡು ಮುಗಿಯುವಲ್ಲಿಂದ ಹೊರಟ ಗೆರೆ ಅರ್ಧ ಗೇಣು ಕೆಳಗಿಳಿದು, ಅಲ್ಲಿಂದ ಬಲಕ್ಕೆ ಹೊರಳಿ, ಪಕ್ಕೆಲುಬಿನ ಅಡಿಯಲ್ಲೇ ಸಾಗಿ ಬೆನ್ನಿನ ಹತ್ತಿರ ಹೋಗಿ ನಿಂತಿತ್ತು. ಸೀರೆ ಉಟ್ಟರೆ ಕುಪ್ಪಸಕ್ಕೂ ನೆರಿಗೆಗೂ ನಡುವೆ ಯಾವ ಜಾಗ ಬರಿದಾಗಿ ಉಳಿಯುತ್ತದೋ ಸರಿಯಾಗಿ ಅಲ್ಲೇ.

ಗಾಯ ಮಾಯ್ದ ಹೊಸತರಲ್ಲಿ ಅದು ಕೆಂಪಗೆ ಹುರಿಗಟ್ಟಿದ ಹಗ್ಗದಂತೆ ಎದ್ದು ನಿಂತಿತ್ತು. ಪಾರವ್ವ ತನಗೆ ತಿಳಿದದ್ದನ್ನು ಮಾಡಿದಳು: ಬೆಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚಿದಳು, ಮೇಲೆ ಮಠದಿಂದ ತಂದ ವಿಭೂತಿ ಉದುರಿಸಿದಳು. ಎರಡು ದಿನಕ್ಕೆ ಸುತ್ತಲೂ ಬೊಕ್ಕೆ ಎದ್ದವು. ಆಸ್ಪತ್ರೆಯ ಡಾಕ್ಟರಮ್ಮ ಮರಾಠಿಯಲ್ಲಿ ಬೈದಳು. ಬೈದು ಮುಗಿದ ಮೇಲೆ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದಳು. ಹಗಲೆಲ್ಲ ಸಿಲಿಕೋನ್ ಪಟ್ಟಿ ಅಂಟಿಸಿರಬೇಕು. ಪಟ್ಟಿ ತೆಗೆದಾಗ ಮುಲಾಮು ಹಚ್ಚಿ ಬೆರಳಿನಿಂದ ಒತ್ತಿ ಒತ್ತಿ ತೀಡಬೇಕು, ಮೆಲ್ಲಗೆ ಸವರಿದರೆ ಉಪಯೋಗವಿಲ್ಲ. ಬಿಸಿಲು ಬೀಳಬಾರದು. ಲಂಗದ ಲಾಡಿ ಅದರ ಮೇಲೆ ಉಜ್ಜಬಾರದು. ವರ್ಷ ಹಿಡಿದೀತು, ಪೂರ್ತಿ ಹೋಗುವುದಿಲ್ಲ, ಆದರೆ ಗೊತ್ತಿದ್ದು ನೋಡಿದರಷ್ಟೇ ಕಾಣುವಂತೆ ಆದೀತು. ಪಾರವ್ವ ಚಿಕ್ಕವಳಿದ್ದಾಗ ತಂದೆಯ ಪಕ್ಕದಲ್ಲಿ ಕೂತು ಮಠದಲ್ಲಿ ಪುರಾಣ ಕೇಳಿ ಬೆಳೆದವಳು. ಒಮ್ಮೆ ಕಿವಿಗೆ ಬಿದ್ದದ್ದು ಅವಳಲ್ಲಿ ಅಳಿಯುತ್ತಿರಲಿಲ್ಲ. ಡಾಕ್ಟರಮ್ಮನ ಮಾತನ್ನೂ ಹಾಗೆಯೇ ಅಕ್ಷರ ಬಿಡದೆ ಪಾಲಿಸಿದಳು. ತೀಡುವಾಗ ಬಾಯಲ್ಲಿ ಶಿವನಾಮ ನಡೆದಿರುತ್ತಿತ್ತು.

ಆ ಗಾಯದ ಕಥೆ ಪುಣೆಯ ಬಿಬವೇವಾಡಿಯ ಆ ಎರಡು ಕೋಣೆಯ ಮನೆಯಿಂದ ಹೊರಗೆ ಹೋಗಿರಲಿಲ್ಲ. ಪಾರವ್ವನ ಗಂಡ ಅಪ್ಪಾಸಾಹೇಬ ಮಾರ್ಕೆಟ್ ಯಾರ್ಡಿನ ಬೆಲ್ಲದ ಪೇಟೆಯಲ್ಲಿ ಗುಮಾಸ್ತ. ಸಕ್ಕರೆ ಕಾಯಿಲೆಯೂ ಕೊಬ್ಬೂ ಸೇರಿ ಅವನ ಲಿವರ್ ಒಳಗೊಳಗೇ ಕಲ್ಲಾಗಿತ್ತು. ಹೊಟ್ಟೆಯಲ್ಲಿ ನೀರು ತುಂಬಿ, ಕಣ್ಣು ಹಳದಿಯಾಗಿ, ಯಾರು ಬಂದರು ಯಾರು ಹೋದರು ಎಂಬ ಎಚ್ಚರವೂ ತಪ್ಪುವ ಹೊತ್ತಿಗೆ, ಮನೆಯವರಲ್ಲಿ ಯಾರಾದರೂ ಲಿವರಿನ ಒಂದು ಪಾಲು ಕೊಟ್ಟರೆ ಉಳಿದಾನು ಎಂದು ಡಾಕ್ಟರರು ಹೇಳಿದರು. ಪಾರವ್ವನ ರಕ್ತ ಹೊಂದಲಿಲ್ಲ. ಹಡಪಸರದ ಆಫೀಸಿನಲ್ಲಿ ಕೆಲಸಕ್ಕಿದ್ದ ಒಬ್ಬಳೇ ಮಗಳು ಶೈಲಾಳದ್ದು ಹೊಂದಿತು. ಶ್ರಾವಣದ ಒಂದು ಬೆಳಗ್ಗೆ ತಂದೆಯನ್ನೂ ಮಗಳನ್ನೂ ಅಕ್ಕಪಕ್ಕದ ಆಪರೇಷನ್ ಕೋಣೆಗಳಿಗೆ ಒಯ್ದರು. ಇಬ್ಬರೂ ಬದುಕಿ ಹೊರಗೆ ಬಂದರು. ಕೊಟ್ಟವಳ ಲಿವರ್ ಕೆಲವೇ ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ, ಮದುವೆಗೂ ಮಕ್ಕಳಿಗೂ ಏನೂ ಅಡ್ಡಿಯಿಲ್ಲ ಎಂದು ಡಾಕ್ಟರರು ಸಾರಿ ಸಾರಿ ಹೇಳಿದರು.

ಆದರೆ ಆಸ್ಪತ್ರೆಗೆ ಸೇರಿಸಿದ ಮೊದಲ ವಾರವೇ ನೋಡಲು ಬಂದ ನೆಂಟರಲ್ಲಿ ಒಬ್ಬಳು ಬಾಗಿಲ ಹೊರಗೆ ಇನ್ನೊಬ್ಬಳಿಗೆ ಹೇಳಿದ್ದು ಪಾರವ್ವನ ಕಿವಿಗೆ ಬಿದ್ದಿತ್ತು. "ಲಿವರಂತ. ಕೊರಳಾಗ ಲಿಂಗ, ಹಣಿಮ್ಯಾಲ ವಿಭೂತಿ. ಸಂಜಿಮುಂದ ಎಲ್ಲಿ ಕುಂದರತಿದ್ದನೋ ಯಾರಿಗೊತ್ತವಾ." ಹುಟ್ಟಿದಾಗಿನಿಂದ ಹೆಂಡದ ವಾಸನೆಯನ್ನೂ ತೆಗೆದುಕೊಳ್ಳದ ಮನುಷ್ಯ. ಬೆಳಿಗ್ಗೆ ಪೂಜೆ ಮುಗಿಸದೆ ನೀರು ಬಾಯಿಗೆ ಹಾಕದವನು. ಅಂದಿನಿಂದ ಪಾರವ್ವ ಆ ಶಬ್ದವನ್ನೇ ಮನೆಯಿಂದ ಆಚೆ ಹಾಕಿದಳು. ಕೇಳಿದವರಿಗೆಲ್ಲ ಅವರಿಗೆ ಸಕ್ಕರೆ ಜಾಸ್ತಿಯಾಗಿತ್ತು ಎಂದಳು.

ದೀಪಾವಳಿ ಕಳೆದ ಮೇಲೆ, ಸಮಾಜದಲ್ಲಿ ಸಂಬಂಧ ಹಚ್ಚುವ ಮಹಾಲಿಂಗ ಕಾಕಾ ಒಂದು ಗಂಡು ತಂದ. ಹುಡುಗ ಮಹೇಶಕುಮಾರನಿಗೂ ಹಡಪಸರದಲ್ಲೇ ಕೆಲಸ. ತಾಯಿ ಸತ್ತ ಮೇಲೆ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಇಂದಾಪುರದ ಸೋದರತ್ತೆ ಕಲ್ಲವ್ವ. ಹೆಣ್ಣು ನೋಡುವ ದಿನ ಶೈಲಾ ಹಿರಿಯರ ಕಾಲು ಮುಟ್ಟಲು ಬಗ್ಗಿದಾಗ ಎಡಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದಳು. ಕಲ್ಲವ್ವ ಯಾಕೆಂದು ಕೇಳಿದಳು. ಬಾಯಿಗೆ ಬಂದದ್ದನ್ನು ಪಾರವ್ವ ಹೇಳಿಬಿಟ್ಟಳು.

"ಹೊಟ್ಯಾಗ ಒಂದ್ ಸಣ್ಣ ಗಂಟ ಇತ್ತರಿ. ತಗಿಸೀವಿ. ಈಗ ಏನೂ ಇಲ್ಲ."

ಅಪ್ಪಾಸಾಹೇಬ ಆ ಹೊತ್ತಿನಲ್ಲಿ ಅಲ್ಲಿರಲಿಲ್ಲ. ಸೋಂಕು ತಗಲಬಾರದೆಂದು ಜನ ಬಂದಾಗ ಅವನು ಒಳಗಿನ ಕೋಣೆಯಲ್ಲೇ ಇರುತ್ತಿದ್ದ, ಬಂದವರು ಬಾಗಿಲಲ್ಲೇ ಕೈಮುಗಿದು ಹೋಗುತ್ತಿದ್ದರು. ಶೈಲಾ ಮಾತ್ರ ಕೇಳಿಸಿಕೊಂಡಳು. ರಾತ್ರಿ ಊಟಕ್ಕೆ ಮೊದಲು ಅಡುಗೆಮನೆಗೆ ಬಂದು, ಮಹೇಶನಿಗೆ ತಾನೇ ಇದ್ದದ್ದನ್ನು ಹೇಳುತ್ತೇನೆ ಎಂದಳು. ಪಾರವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಮಗಳ ಮುಂಗೈ ಹಿಡಿದಳು.

"ಮದಿವಿ ಆಗೂತನ ಬ್ಯಾಡ. ನಿಮ್ಮಪ್ಪನ ಹೆಸರ ಹೋಗ್ತದ. ಹೇಳಿದ್ಯಂದ್ರ ನನ್ನ ಆಣಿ ಅದ ನೋಡ."

ಆಣೆ ಹಾಕಿದ ಮೇಲೆ ಆ ಮನೆಯಲ್ಲಿ ಮಾತು ಮುಗಿದಂತೆ. ಶೈಲಾಳ ಮುಂಗೈ ಮೇಲೆ ಹಿಟ್ಟಿನ ಗುರುತು ಉಳಿದಿತ್ತು; ಅದನ್ನು ಒರೆಸಿಕೊಳ್ಳದೆಯೇ ಅವಳು ಹೊರಗೆ ಹೋದಳು.

ಹೀಗೆ ಪಾರವ್ವನಿಗೆ ಒಂದೇ ಗುರಿ ಉಳಿಯಿತು. ವೈಶಾಖದಲ್ಲಿ ಮದುವೆ. ಸುರಗಿಯ ದಿನ ಗಂಡಿನ ಕಡೆಯ ಮುತ್ತೈದೆಯರು ಹುಡುಗಿಯನ್ನು ಕೂರಿಸಿ ಅರಿಸಿನ ಹಚ್ಚಿ ನೀರು ಹಾಕುವಾಗ ಒದ್ದೆ ಸೀರೆ ಮೈಗಂಟುತ್ತದೆ. ಸಣ್ಣ ಗಂಟಿಗೆ ಇಷ್ಟುದ್ದ ಗಾಯವೇ ಎಂದು ಯಾರೂ ಕೇಳಬಾರದು. ಅಷ್ಟರೊಳಗೆ ಗೆರೆ ಮಲಗಬೇಕು, ಬಣ್ಣ ಮೈಬಣ್ಣಕ್ಕೆ ಕೂಡಬೇಕು. ಬೆಳಿಗ್ಗೆ ಸಂಜೆ ತೀಡಿದಳು. ಸಿಲಿಕೋನ್ ಪಟ್ಟಿಯನ್ನು ತೊಳೆದು, ಗಾಳಿಗೆ ಆರಿಸಿ, ತಿರುಗಿ ಅಂಟಿಸಿದಳು. ಮಗಳ ಲಂಗಗಳಿಗೆಲ್ಲ ಲಾಡಿ ಕಿತ್ತು ಅಗಲ ಪಟ್ಟಿ ಹೊಲಿದಳು. ಗೆರೆ ಮಾತು ಕೇಳತೊಡಗಿತು. ಸಂಕ್ರಾಂತಿಯ ಹೊತ್ತಿಗೆ ಕೆಂಪು ಹೋಗಿ ನಸುಗುಲಾಬಿಯಾಯಿತು, ಬೆರಳಿಗೆ ಸಿಗುತ್ತಿದ್ದ ಏರು ಇಳಿಯಿತು. ಇತ್ತ ಶೈಲಾ ಬಾಲ್ಕನಿಯಲ್ಲಿ ನಿಂತು ಮಹೇಶನ ಜೊತೆ ಫೋನಿನಲ್ಲಿ ನಗುವುದು ಕೇಳಿಸುತ್ತಿತ್ತು. ಆ ಮನೆಯಲ್ಲಿ ಬಹಳ ದಿನಗಳ ಮೇಲೆ ಕೇಳಿದ ನಗು ಅದು.

ಆಮೇಲೆ ಮಹಾಲಿಂಗ ಕಾಕಾನ ಫೋನು ಬಂತು. ಸುತ್ತಿ ಬಳಸಿ ಮಾತಾಡಿದ. ಕಡೆಗೆ ಹೊರಗೆ ಬಿದ್ದ ಮಾತು ಇಷ್ಟು: ಹೊಟ್ಟೆಯ ಗಂಟೆಂದರೆ ಗರ್ಭಚೀಲದ ಗಂಟೇ ಇರಬೇಕು, ಚೀಲವನ್ನೇ ತೆಗೆದಿದ್ದಾರೋ ಏನೋ ಎಂದು ಸೊಲ್ಲಾಪುರದ ಕಡೆಯ ನೆಂಟರಲ್ಲಿ ಮಾತು ಎದ್ದಿದೆ. ಕಲ್ಲವ್ವ ತಾನೇ ಬಂದು ನೋಡುತ್ತಾಳಂತೆ.

ಸಣ್ಣದೆಂದು ಬಿತ್ತಿದ ಸುಳ್ಳು ಮಗಳ ಒಡಲಿಗೇ ಬೇರು ಬಿಟ್ಟಿತ್ತು. ಪಾರವ್ವ ಆ ದಿನ ದೇವರ ಮುಂದೆ ಕೂತಳು, ಬಾಯಿಗೆ ನಾಮ ಬರಲಿಲ್ಲ. ಆದರೂ ಗಂಡನಿಗೆ ಹೇಳಲಿಲ್ಲ.

ಕಲ್ಲವ್ವ ಇಂದಾಪುರದಿಂದ ಎಸ್‌ಟಿ ಬಸ್ಸಿನಲ್ಲಿ ಬಂದಳು. ಕೈಯಲ್ಲಿ ಒಂದು ಚೀಲ ಹಸಿ ಕಡಲೆಗಿಡ. ದಪ್ಪ ಹೆಂಗಸು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು. ಕೂತು ನೀರು ಕುಡಿದು, ಪುಣೆಯ ಟ್ರಾಫಿಕ್ಕನ್ನು ಬೈದು, ಈ ಊರಿನಲ್ಲಿ ಯಮನಿಗೂ ಸಿಗ್ನಲ್ ಬಿಡುವತನಕ ನಿಲ್ಲಬೇಕೆಂದು ನಗಿಸಿ, ಆಮೇಲೆ ನೇರ ವಿಷಯಕ್ಕೆ ಬಂದಳು.

"ಸಿಟ್ಟಾಗಬ್ಯಾಡ್ರಿ ಪಾರವ್ವಕ್ಕ. ಮಂದಿ ಬಾಯಿ ಕೆಟ್ಟದ್ದು. ಒಂದ್ ಸಲ ಕಣ್ಣಾರೆ ನೋಡಿದ್ರ ನಾನ ಅವರ ಬಾಯಿ ಮುಚ್ಚಸ್ತೀನಿ."

ಅಪ್ಪಾಸಾಹೇಬ ಅಂದು ಮಾಸ್ಕ್ ಹಾಕಿಕೊಂಡು ಹೊರಗಿನ ಕೋಣೆಯಲ್ಲಿ ಕಿಟಕಿಯ ಹತ್ತಿರ ಕೂತಿದ್ದ. ಯಾವ ಮಾತು, ಯಾವ ಮಂದಿ ಎಂದು ತಿಳಿಯದೆ ಹೆಂಡತಿಯ ಮುಖ ನೋಡಿದ. ಪಾರವ್ವ ನೋಟ ತಪ್ಪಿಸಿ ಕಲ್ಲವ್ವನನ್ನೂ ಮಗಳನ್ನೂ ಒಳಗೆ ಕರೆದುಕೊಂಡು ಹೋಗಿ ಪರದೆ ಎಳೆದಳು.

ಶೈಲಾ ಮಂಚದ ತುದಿಯಲ್ಲಿ ಕೂತು ಅಂಗಿ ಎತ್ತಿದಳು. ಕಲ್ಲವ್ವ ಬಗ್ಗಿ ನೋಡಿದಳು. ಏನೂ ಕಾಣಲಿಲ್ಲ ಎಂದಳು. ಚಷ್ಮಾ ಹಾಕಿಕೊಂಡಳು, ಹುಡುಗಿಯನ್ನು ಬೆಳಕಿಗೆ ತಿರುಗಿಸಿದಳು. ಇಷ್ಟು ದಿನ ಯಾರ ಕಣ್ಣಿಗೂ ಬೀಳಬಾರದೆಂದು ತೀಡಿದ ಗೆರೆಯನ್ನು ಪಾರವ್ವ ಈಗ ತಾನೇ ಬೆರಳಿಟ್ಟು, ಇಲ್ಲಿಂದ ಇಲ್ಲಿತನಕ, ಎಂದು ತೋರಿಸಬೇಕಾಯಿತು. ಕಲ್ಲವ್ವನ ಬೆರಳು ಅದರ ಹಿಂದೆ ಹೋಯಿತು. ಕೆಳಹೊಟ್ಟೆ ತುಂಬ ದೂರವಿತ್ತು.

"ಚೀಲದ ಕಡೆ ಹೋಗೇ ಇಲ್ಲಲ್ಲ," ಎಂದಳು, ಮುಖ ಸಡಿಲಾಯಿತು. ಬೆರಳು ಇನ್ನೂ ಗೆರೆಯ ಮೇಲೇ ಇತ್ತು. ಪಕ್ಕೆಯನ್ನು ದಾಟಿ ಹೋಗುವಾಗ ನಿಧಾನವಾಯಿತು. "ಮತ್ತ ಇಷ್ಟುದ್ದ ಯಾಕ ಕೊಯ್ದಾರ? ಎದರ ಗಂಟವಾ ಇದು? ಕೆಟ್ಟ ಗಂಟೇನು?"

ಶೈಲಾ ತಾಯಿಯ ಕಡೆ ನೋಡಿದಳು. ಆ ನೋಟ ಏನು ಕೇಳುತ್ತಿದೆ ಎಂಬುದು ಪಾರವ್ವನಿಗೆ ತಿಳಿಯಿತು. ಆಣೆ ಬಿಟ್ಟೆ ಎಂದು ಒಂದು ಮಾತು, ಇಲ್ಲವೇ ಕಣ್ಣಲ್ಲೊಂದು ಸನ್ನೆ ಸಾಕಿತ್ತು. ಪರದೆಯ ಆಚೆ ಗಂಡ ಕೆಮ್ಮಿದ್ದು ಕೇಳಿಸಿತು.

"ಸಾದಾ ಗಂಟರಿ," ಎಂದಳು ಪಾರವ್ವ. "ದೊಡ್ಡದಿತ್ತು, ಅಷ್ಟ."

ಶೈಲಾ ಕಣ್ಣು ಕೆಳಗೆ ಹಾಕಿದಳು. ಕುರ್ಚಿ ಸರಿದ ಸಪ್ಪಳವಾಯಿತು. ಮಗಳು ಅಂಗಿ ಎತ್ತಿ ಕೂತಿರುವ ಕೋಣೆಗೆ ಅಪ್ಪಾಸಾಹೇಬ ಬರುವವನಲ್ಲ. ಪರದೆಯ ಹೊರಗೇ ನಿಂತು, ಮಾಸ್ಕಿನೊಳಗಿಂದ ಮಾತಾಡಿದ.

"ಗಂಟಲ್ಲರಿ ಅಕ್ಕಾರ ಅದು. ನನ್ನ ಲಿವರ ಕೆಟ್ಟಿತ್ತರಿ. ಆಕಿ ತನ್ನದರಾಗಿಂದ ಕೊಟ್ಟಾಳ, ಅದಕ್ಕ ನಾ ಉಳದೀನಿ. ಗಂಟ ಅಂತ ಯಾಕ ಹೇಳ್ಯಾರೋ ನನಗ ಗೊತ್ತಿಲ್ಲ."

ಆಮೇಲೆ ಕಲ್ಲವ್ವ ಪರದೆಯ ಕಡೆ ತಿರುಗಿ ಕೇಳಿದ್ದು, ಪಾರವ್ವ ಇಷ್ಟು ತಿಂಗಳು ಯಾವುದಕ್ಕೆ ಹೆದರಿ ನಡುಗಿದ್ದಳೋ ಅದನ್ನೇ.

"ಕುಡೀತಿದ್ರೇನ್ರಿ?"

"ಇಲ್ಲರಿ. ಒಂದ್ ದಿನಾನೂ ಇಲ್ಲ."

"ಹೂಂ," ಎಂದಳು ಕಲ್ಲವ್ವ. ಅಷ್ಟೇ. ನಂಬಿದಳು. ಮಳೆ ಬಂತೇ ಎಂದು ಕೇಳಿ ಇಲ್ಲ ಅನಿಸಿಕೊಂಡಂತೆ ಆ ಮಾತು ಅಲ್ಲಿಗೆ ಮುಗಿದುಹೋಯಿತು.

ಕಲ್ಲವ್ವ ಶೈಲಾಳ ಅಂಗಿಯನ್ನು ತಾನೇ ಕೆಳಗೆಳೆದು ಸರಿಮಾಡಿದಳು. ತಲೆಯ ಮೇಲೆ ಕೈಯಿಟ್ಟಳು, ಬಹಳ ಹೊತ್ತು ಇಟ್ಟಳು. ಹೊರಗೆ ಬಂದು ಚಹಾ ಕುಡಿದಳು. ಅಪ್ಪಾಸಾಹೇಬನ ಔಷಧ, ಪಥ್ಯ ಎಲ್ಲ ವಿಚಾರಿಸಿದಳು. ಚಪ್ಪಲಿ ಮೆಟ್ಟುವಾಗ ಮಾತ್ರ ಪಾರವ್ವನ ಹತ್ತಿರ ನಿಂತು ದನಿ ತಗ್ಗಿಸಿದಳು.

"ಇದು ಊರೆಲ್ಲ ಹೇಳ್ಕೊಂಡ ತಿರಗೂ ಮಾತಿತ್ತರಿ. ಇದನ್ನ ಮುಚ್ಚಿಟ್ಟೀರಿ. ನಾಳೆ ನಿಜವಾಗ್ಲೂ ಕೆಟ್ಟದ್ದೇನರ ಇದ್ರ ನಮಗ ಹೇಳ್ತೀರಂತ ನಾ ಹೆಂಗ ನಂಬಲಿ?"

ಕಲ್ಲವ್ವ ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದಳು.

ವಾರದೊಳಗೆ ಮಹಾಲಿಂಗ ಕಾಕಾ ಫೋನ್ ಮಾಡಿ, ಈ ವರ್ಷ ಬೇಡವೆನ್ನುತ್ತಾರೆ ಎಂದ. ಈ ವರ್ಷ ಬೇಡವೆಂದರೆ ಯಾವ ವರ್ಷವೂ ಬೇಡವೆಂದೇ ಅರ್ಥ, ಅದನ್ನು ಬಿಡಿಸಿ ಹೇಳುವ ಕೆಲಸವಿರಲಿಲ್ಲ. ಮಹೇಶಕುಮಾರ ಒಂದು ಸಲ ಶೈಲಾಗೆ ಫೋನ್ ಮಾಡಿದ. ಅವಳು ಬಾಲ್ಕನಿಗೆ ಹೋಗಲಿಲ್ಲ, ಅಲ್ಲೇ ನಿಂತು ಹೂಂ, ಹೂಂ ಎಂದಳು. ಮುಗಿದ ಮೇಲೆ ತಾಯಿಗೆ ಹೇಳಿದಳು, ಅತ್ತೆಯ ಮಾತು ಮೀರಲಾರನಂತೆ.

"ನನಗರ ಯಾಕ ಮೊದಲ ಹೇಳಲಿಲ್ಲ ಅಂತ ಕೇಳಿದ."

"ನೀ ಏನಂದಿ?"

"ಏನೂ ಅನಲಿಲ್ಲ. ನಿನ್ನ ಹೆಸರ ಹೇಳಲೇನು?"

ಅಂದು ಸಂಜೆ ಪಾರವ್ವ ಅಂಗೈ ಬೆಚ್ಚಗೆ ಮಾಡಿಕೊಂಡು ಕೋಣೆಗೆ ಹೋದಾಗ ಶೈಲಾ ಮುಲಾಮಿನ ಟ್ಯೂಬಿಗೆ ಕೈ ಚಾಚಿದಳು. ಇನ್ನು ತಾನೇ ಹಚ್ಚಿಕೊಳ್ಳುತ್ತೇನೆ ಎಂದಳು. ಸಿಟ್ಟಿನಿಂದ ಅಲ್ಲ, ಆಫೀಸಿನಲ್ಲಿ ಪರಿಚಯವಿಲ್ಲದವರ ಜೊತೆ ಮಾತಾಡುವ ದನಿಯಲ್ಲಿ. ಬಾಗಿಲು ಮುಚ್ಚಿತು. ಒಳಗೆ ಫ್ಯಾನು ತಿರುಗುವುದಷ್ಟೇ ಕೇಳಿಸುತ್ತಿತ್ತು.

ಅಪ್ಪಾಸಾಹೇಬ ಹೆಂಡತಿಯನ್ನು ಬೈಯಲಿಲ್ಲ. ಊಟಕ್ಕೆ ಕೂತಾಗ, ತಟ್ಟೆ ನೋಡುತ್ತಾ, ಒಂದೇ ಸಲ ಅಂದ. "ನನ್ನ ಹೆಸರ ಉಳಸಾಕ ಹೋಗಿ ಆಕಿ ಹೆಸರ ಕೆಡಿಸಿದ್ಯಲ್ಲ." ಆಮೇಲೆ ಅನ್ನಕ್ಕೆ ಮಜ್ಜಿಗೆ ಬಡಿಸಿಕೊಂಡ.

ಮರುದಿನ ಮಧ್ಯಾಹ್ನ, ಶೈಲಾ ಆಫೀಸಿಗೆ ಹೋದ ಮೇಲೆ, ಪಾರವ್ವ ಫೋನ್ ಹಿಡಿದು ಕೂತಳು. ಸಂಬಂಧ ಹೋಯಿತು, ಹೋದದ್ದು ಬರುವುದಿಲ್ಲ. ಆದರೆ ಗರ್ಭಚೀಲದ ಮಾತು ಸೊಲ್ಲಾಪುರ ದಾಟಿ ಅಕ್ಕಲಕೋಟೆಯತನಕ ಹೋಗಿತ್ತು. ಅದು ಹೀಗೆಯೇ ಉಳಿದರೆ ಇನ್ನು ಯಾವ ಮನೆಯವರೂ ಈ ಹೊಸಿಲು ತುಳಿಯುವುದಿಲ್ಲ. ಮೊದಲು ಮಹಾಲಿಂಗ ಕಾಕಾನಿಗೆ ಹಚ್ಚಿದಳು. ನಾ ಸುಳ್ಳು ಹೇಳಿದ್ದೆನರಿ, ಗಂಟು ಇರಲೇ ಇಲ್ಲ ಎಂದು ಸುರುಮಾಡಿ ಎಲ್ಲ ಹೇಳಿದಳು. ಅತ್ತಲಿಂದ ಬಂದ ಪ್ರಶ್ನೆ ಅದೇ.

"ಇಲ್ಲರಿ," ಎಂದಳು ಪಾರವ್ವ. "ಕುಡೀತಿದ್ದಿಲ್ಲರಿ."

ಮಹಾಲಿಂಗ ಕಾಕಾನ "ಹೌದಾ" ಎಂಬುದು ಕಲ್ಲವ್ವನ "ಹೂಂ"ನಂತೆ ಇರಲಿಲ್ಲ. ಅದನ್ನು ಎಳೆದು ಹೇಳಿದ. ಎರಡನೆಯವಳು ಸೊಲ್ಲಾಪುರದಲ್ಲಿರುವ ಪಾರವ್ವನ ಅಕ್ಕ, ಅವಳೂ ಕೇಳಿದಳು. ಮೂರನೆಯವಳು ಕೇಳಲಿಲ್ಲ, ಬರೀ ಲೊಚಗುಟ್ಟಿದಳು. ಕೇಳದಿದ್ದರೂ ಪಾರವ್ವ ತಾನಾಗಿಯೇ ಹೇಳಿದಳು: ಕುಡೀತಿದ್ದಿಲ್ಲ.

ಅಪ್ಪಾಸಾಹೇಬ ಎದುರಿನ ಕುರ್ಚಿಯಲ್ಲಿ ಕೂತಿದ್ದ. ಎದ್ದು ಒಳಗೆ ಹೋಗಬಹುದಿತ್ತು, ಹೋಗಲಿಲ್ಲ. ಪಾರವ್ವನ ಗಂಟಲು ಒಣಗಿದಾಗ ನೀರಿನ ತಂಬಿಗೆಯನ್ನು ಅವಳ ಕಡೆ ಸರಿಸಿದ. ಅವಳು ಎರಡು ಗುಟುಕು ಕುಡಿದು, ಸೆರಗಿನಿಂದ ಬಾಯೊರೆಸಿಕೊಂಡು, ಅಕ್ಕಲಕೋಟೆಗೆ ಫೋನ್ ಹಚ್ಚಿದಳು.