ತಲೆಬರಹವಿಲ್ಲದ ಚೀಟಿ

ಆ ಮುದ್ರಣಾಲಯದಲ್ಲಿ ಯಾರಿಗೆ ಏನೇ ಕಾಯಿಲೆ ಬಂದರೂ ಮೊದಲು ನೋಡುತ್ತಿದ್ದದ್ದು ಡಾಕ್ಟರನ್ನಲ್ಲ, ರದ್ದಿ ಡಬ್ಬವನ್ನು. ಔಷಧಿ ಡಬ್ಬಿಗಳೊಳಗೆ ಎಂಟು ಮಡಿಕೆಯಾಗಿ ಮಲಗಿರುತ್ತವಲ್ಲ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದ ಚೀಟಿಗಳು, ಅವು ಅಚ್ಚಾಗುತ್ತಿದ್ದದ್ದು ಅಲ್ಲಿ. ಶಾಯಿ ಹೆಚ್ಚಾಗಿಯೋ ಕತ್ತರಿ ಓರೆಯಾಗಿಯೋ ಕೆಟ್ಟ ಚೀಟಿಗಳೆಲ್ಲ ಆ ಡಬ್ಬಕ್ಕೆ. ವರ್ಷಗಟ್ಟಲೆ ಅದರಲ್ಲಿ ಕೈಯಾಡಿಸಿ ಅಲ್ಲಿನ ಪ್ರತಿಯೊಬ್ಬನೂ ಅರ್ಧ ವೈದ್ಯನಾಗಿದ್ದ, ಉಳಿದರ್ಧ ರೋಗಿ.

ಮಡಿಸುವ ಯಂತ್ರ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ‘ಮಡಿಕೆ’ ಎನ್ನುತ್ತಿದ್ದರು. ಅವನಿಗೆ ಆ ಡಬ್ಬವೇ ಮುಳುವಾಯಿತು.

ಮದುವೆಯಾಗಿ ಏಳು ವರ್ಷ. ಈಚೆಗೆ ಎರಡು ವರ್ಷದಿಂದ ಹಾಸಿಗೆಯಲ್ಲಿ ಅವನ ಮೈ ಅವನ ಮಾತು ಕೇಳುತ್ತಿರಲಿಲ್ಲ. ಯಾರಿಗೂ ಹೇಳದೆ, ಊರಿನ ಆ ತುದಿಯ ಔಷಧಿ ಅಂಗಡಿಗೆ ಹೋಗಿ ಗಂಡಸರ ಮಾತ್ರೆ ತಂದ. ಇಡೀ ಮಾತ್ರೆ ನುಂಗಲು ಎದೆಗಾರಿಕೆ ಸಾಲದೆ, ತರಕಾರಿ ಹೆಚ್ಚುವ ಹಲಗೆಯ ಮೇಲಿಟ್ಟು ಚಾಕುವಿನಲ್ಲಿ ಎರಡು ಮಾಡಿ ಅರ್ಧ ನುಂಗುತ್ತಿದ್ದ. ನಾಲ್ಕು ತಿಂಗಳಿಗೆ ಹೆಂಡತಿ ಬಸುರಾದಳು. ಕೆಲವು ವಾರ ಅವನ ಕಾಲು ನೆಲದ ಮೇಲಿರಲಿಲ್ಲ.

ಆಮೇಲೊಂದು ದಿನ ರದ್ದಿಯಲ್ಲಿ ಆ ಚೀಟಿ ಸಿಕ್ಕಿತು. ಅದಕ್ಕೆ ತಲೆಯೇ ಇರಲಿಲ್ಲ. ಔಷಧಿಯ ಹೆಸರಿದ್ದ ಪಟ್ಟಿ ಕತ್ತರಿಗೆ ಹೋಗಿತ್ತು. ‘ಈ ಮಾತ್ರೆ ಗಂಡಸರಿಗೆ ಮಾತ್ರ’ ಎಂದು ಶುರುವಾಗಿ, ‘ಗರ್ಭಿಣಿಯರು ಮುರಿದ ಅಥವಾ ಪುಡಿಯಾದ ಮಾತ್ರೆಯನ್ನು ಮುಟ್ಟಬಾರದು, ಹೊಟ್ಟೆಯಲ್ಲಿರುವ ಗಂಡು ಮಗುವಿನ ಬೆಳವಣಿಗೆ ಕೆಡಬಹುದು’ ಎಂದು ಮುಂದುವರಿದಿತ್ತು. ಕೆಳಗೆ ಗಂಡಸ್ತನದ ತೊಂದರೆಯ ಮಾತೂ ಇತ್ತು. ಇನ್ನೇನು ಅನುಮಾನ?

ಮುರಿದ ಮಾತ್ರೆ. ಅದೇ ಹಲಗೆ. ದಿನಾ ಬೆಳಿಗ್ಗೆ ಅವಳ ಬರಿಗೈ.

ಅಂದೇ ಹಲಗೆ ಎಸೆದು ಹೊಸದು ತಂದ.

“ಚೆನ್ನಾಗಿತ್ತಲ್ರೀ ಹಳೇದು!” ಎಂದಳು ಹೆಂಡತಿ.

“ಹುಳ ಹಿಡಿದಿತ್ತು.”

“ಪ್ಲಾಸ್ಟಿಕ್‌ಗೆ ಹುಳಾನಾ?”

ಅಂದು ರಾತ್ರಿಯಿಂದ ಅವನು ಹೊರಗಿನ ಕೋಣೆಯಲ್ಲಿ ಮಲಗತೊಡಗಿದ. ಅವಳು ಅವನ ಕೈಯೆಳೆದು ಹೊಟ್ಟೆಯ ಮೇಲಿಟ್ಟುಕೊಂಡರೆ ಕೆಂಡ ಮುಟ್ಟಿದವನಂತೆ ಹಿಂತೆಗೆಯುತ್ತಿದ್ದ. ಅವಳ ಮಾತು ಕಡಿಮೆಯಾಯಿತು, ಕಣ್ಣು ಊದಿಕೊಂಡವು. ಹೇಳೋಣವೆಂದರೆ ಮೊದಲು ಮಾತ್ರೆಯ ಸುದ್ದಿ ಹೇಳಬೇಕು, ಆಮೇಲೆ ಮಗುವಿನದು. ನುಂಗಿದ್ದು ಆಗಿತ್ತು, ಉಗುಳಲು ಬಾಯಿ ಬರಲಿಲ್ಲ. ಹತ್ತು ದಿನ ಯಂತ್ರ ಚೀಟಿ ಮಡಿಸಿತು, ಅವನು ತಾನೇ ಮಡಿಚಿಕೊಂಡು ಕೂತ.

ಹನ್ನೊಂದನೆಯ ದಿನ ಹೆಂಡತಿಯ ಸ್ಕ್ಯಾನ್ ಇತ್ತು. ಕೆಲಸದ ನೆಪ ಹೇಳಿ ಅವಳೊಬ್ಬಳನ್ನೇ ಕಳಿಸಿದ.

ಅದೇ ಮುದ್ರಣಾಲಯದಲ್ಲಿ ಅಚ್ಚಿನ ಪ್ಲೇಟ್ ಮಾಡುತ್ತಿದ್ದವನು ಅವಳ ತಮ್ಮ, ಯಾರ ದನಿಯನ್ನಾದರೂ ಅಣಕಿಸುವವನು. ಅವನ ಗಂಟಲಿಗೆ ಬಾಗಿಲೇ ಇರಲಿಲ್ಲ. ಮಾಲೀಕರು, ಮಾಲೀಕರ ಅತ್ತೆ, ಬೇರಿಂಗ್ ಸವೆದ ಯಂತ್ರ, ಯಾರು ಬೇಕಾದರೂ ಅಲ್ಲಿ ಬಂದು ಮಾತಾಡಿ ಹೋಗುತ್ತಿದ್ದರು. ಭಾವನ ಸಪ್ಪೆ ಮೋರೆ ನೋಡಿ ನೋಡಿ ಅವನಿಗೆ ಸಾಕಾಗಿತ್ತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮಡಿಕೆಯೊಬ್ಬನೇ ಗೋಡೌನಿನಲ್ಲಿ ಕಾಗದದ ರಾಶಿಗೆ ಒರಗಿ ಕೂತಿದ್ದ. ಗೋಡೆಯ ಫೋನು ಹೊಡೆದುಕೊಂಡಿತು.

“ಹಲೋ... ಹ್ಞಾಂ... ಡಾಕ್ಟ್ರು ಮಾತಾಡ್ತಿರೋದು. ನಿಮ್ಮನೆಯವರ ಸ್ಕ್ಯಾನ್ ನನ್ನ ಕೈಯಲ್ಲಿದೆ. ಒಂದು ವಿಷಯ... ಹ್ಞಾಂ... ಹೇಗೆ ಹೇಳೋದು...”

“ಗೊತ್ತು ಸಾರ್,” ಎಂದ ಮಡಿಕೆ. “ನನ್ನಿಂದಲೇ ಆಗಿದ್ದು.”

ಕಟ್ಟೆಯೊಡೆಯಿತು. ಎರಡು ವರ್ಷದ ಸೋಲು, ಆ ತುದಿಯ ಅಂಗಡಿ, ಅರ್ಧ ಮಾತ್ರೆ, ಹಲಗೆ, ಚೀಟಿ, ಒಂದೂ ಬಿಡದೆ ಹೇಳಿದ. “ಅವಳದ್ದೇನೂ ತಪ್ಪಿಲ್ಲ ಸಾರ್. ಏನಾದ್ರೂ ಮಾಡಿ. ಮಗು ಉಳಿಯುತ್ತಾ?”

ಆ ಕಡೆಯಿಂದ ಈಗ ಸಣ್ಣ ದನಿಯೊಂದು ಬಂತು.

“ಭಾವ... ನಾನು. ತಮಾಷೆಗೆ ಅಂತ... ಊಟದ ಕೋಣೇಲಿ ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿಬಿಟ್ಟಿದ್ದೆ.”

ಮಡಿಕೆ ಊಟದ ಕೋಣೆಯ ಬಾಗಿಲಿಗೆ ಬಂದು ನಿಂತಾಗ ಒಂಬತ್ತು ಜನ ಒಂಬತ್ತು ಡಬ್ಬಿಯೊಳಗೆ ಇಣುಕುತ್ತಿದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಹೊಡೆದಾದರೂ ಹಗುರಾಗುತ್ತಿದ್ದ. ಕೊನೆಗೆ ಕಟಿಂಗ್ ಯಂತ್ರದ ಹಿರಿಯ, ತಲೆಯೆತ್ತದೆ, “ನಾನೂ ತಗೋತೀನಿ ಕಣೋ ಆ ಮಾತ್ರೆ,” ಎಂದ.

ಸಂಜೆ ಭಾವಮೈದುನನೇ ಅವನನ್ನು ನಿಜವಾದ ಡಾಕ್ಟರ ಹತ್ತಿರ ಕರೆದೊಯ್ದ. ಅಕ್ಕನನ್ನೂ ಬರಹೇಳಿದ್ದ. ಮಡಿಕೆ ನೆಲ ನೋಡುತ್ತಾ ಎಲ್ಲವನ್ನೂ ಎರಡನೆಯ ಸಲ ಹೇಳಿದ.

ಡಾಕ್ಟರು ಚೀಟಿಯನ್ನೂ ಅವನು ತಂದಿದ್ದ ಖಾಲಿ ಸ್ಟ್ರಿಪ್ಪನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

“ಇದು ಕೂದಲು ಉದುರೋದಕ್ಕೆ ಕೊಡೋ ಮಾತ್ರೆಯ ಚೀಟಿ. ಗಂಡಸ್ತನದ ತೊಂದರೆ ಅಂತ ಬರೆದಿರೋದು ಅದರ ಅಡ್ಡಪರಿಣಾಮ. ನೀವು ನುಂಗಿದ್ದು ಬೇರೆ. ಗಂಡ ಆ ಮಾತ್ರೆ ತಗೊಂಡಿದ್ರಿಂದ ಮಗುವಿಗೆ ತೊಂದರೆ ಆಗುತ್ತೆ ಅಂತ ಇದುವರೆಗಿನ ಅಧ್ಯಯನಗಳಲ್ಲಿ ಕಂಡಿಲ್ಲ. ಹಲಗೆ ಮೇಲಿನ ಚೂರುಪಾರಿಗೂ ಹೆದರಬೇಕಾಗಿಲ್ಲ. ಆದ್ರೆ ನಿಮ್ಮನೆಯವರು ಅದನ್ನ ನುಂಗೋ ಹಾಗಿಲ್ಲ. ನೀವೂ ಬಿಪಿ, ಹೃದಯ ತೋರಿಸದೆ ತಗೊಂಡಿದ್ದು ತಪ್ಪು.”

“ಹಾಗಾದ್ರೆ ಮಗು ಚೆನ್ನಾಗಿರುತ್ತೆ ಅಂತ ಬರೆದು ಕೊಡ್ತೀರಾ ಸಾರ್?”

“ಹಾಗಂತ ಯಾವ ಡಾಕ್ಟ್ರೂ ಬರೆದು ಕೊಡೋಕಾಗಲ್ಲಪ್ಪ. ಬೆಳಗಿನ ಸ್ಕ್ಯಾನಲ್ಲಿ ಎದೆಬಡಿತ ಚೆನ್ನಾಗಿದೆ. ಇನ್ನು ಎಲ್ಲರ ಹಾಗೆ ಕಾಯಬೇಕು.”

ಕಾಯುವುದೊಂದೇ. ಆಗ ಹೆಂಡತಿ ಬಾಯಿಬಿಟ್ಟಳು.

“ಹತ್ತು ದಿನ ಅತ್ತಿದೀನಿ. ಈ ಮಗು ನಿಮಗೆ ಬೇಡವೇನೋ ಅಂತ.”

ಅವನು ಅವಳತ್ತ ನೋಡಿದ. ಅವಳೇ ಅವನ ಕೈ ಹಿಡಿದುಕೊಂಡಳು, ಬೆರಳು ನೋಯುವಷ್ಟು ಬಿಗಿಯಾಗಿ.

ಬಾಗಿಲ ಬಳಿ ಕಳ್ಳನಂತೆ ನಿಂತಿದ್ದ ಭಾವಮೈದುನನಿಗೆ ಇನ್ನು ತಡೆಯಲಾಗಲಿಲ್ಲ. “ಭಾವ, ಫೋನಲ್ಲಿ ನಾನು ಹೇಳಬೇಕು ಅಂತಿದ್ದದ್ದೇ ಬೇರೆ.”

“ಏನು?”

“ಮಗು ಸ್ಕ್ಯಾನಲ್ಲೂ ಥೇಟ್ ನಿಮ್ಮ ಥರಾನೇ ಮೂತಿ ಊದಿಸ್ಕೊಂಡು ಕೂತಿದೆ ಅಂತ.”

ಡಾಕ್ಟರು ತುಟಿ ಕಚ್ಚಿದರು. ಹೆಂಡತಿ ಅಳುತ್ತಲೇ ಕಿಸಕ್ಕೆಂದಳು. ಮಡಿಕೆ ನಕ್ಕ. ಎಲ್ಲರಿಗಿಂತ ಜೋರಾಗಿ, ಹೊರಗೆ ಸರದಿಗೆ ಕೂತಿದ್ದವರು ಎದ್ದು ಇಣುಕುವಷ್ಟು ಜೋರಾಗಿ, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ ನಕ್ಕ. ನಗು ತಡೆಯುವುದು ಅವನ ಕೈಯಲ್ಲಿರಲಿಲ್ಲ; ಕೈ ಹೆಂಡತಿಯ ಕೈಯಲ್ಲಿತ್ತು.